ಫೆಲೋಶಿಪ್ ಎರಡು ಮಳೆಗಾಲ ದಾಟಲಿ

ಮಾನ್ಯ ಸಂಪಾದಕರೇ,

ಸಮಾಜಮುಖಿ ತಂತ್ರಜ್ಞಾನ ಮತ್ತು ನೀತಿ ಅಧ್ಯಯನಕ್ಕೆಂದು ವಿಶ್ವವಿದ್ಯಾಲಯಗಳು ಕೊಡುವ ಫೆಲೋಶಿಪ್ ಹಣಕ್ಕೆ ಉತ್ತರ ಕನ್ನಡದಲ್ಲಿ ವಿಷಯಗಳ ಬರವಿಲ್ಲ. ಗುಡ್ಡ ಕುಸಿತದ ಮುನ್ಸೂಚನೆಯಿದೆ, ನೆರೆಯ ಅಳತೆಯಿದೆ, ಅರಣ್ಯ ಹಕ್ಕಿನ ನಕ್ಷೆಯಿದೆ. ತೊಡಕಿರುವುದು ಹಣದ ಕ್ಯಾಲೆಂಡರಿನಲ್ಲಿ. ವಿದ್ಯಾರ್ಥಿಗಳ ಪ್ರಾಜೆಕ್ಟು ಮೇ ಕೊನೆಯ ಹೊತ್ತಿಗೆ ಮುಗಿಯುತ್ತದೆ, ಮಳೆ ಹಿಡಿಯುವುದು ಜೂನ್‌ನಲ್ಲಿ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದದ್ದು 2024ರ ಜುಲೈ 16ರಂದು. ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದು ಅದೇ ವರ್ಷ ಆಗಸ್ಟ್ 7ರಂದು. ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿದ್ದು 2019ರ ಆಗಸ್ಟ್‌ನಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಪರೀಕ್ಷೆ ಮಾಡಿ, ಫೋಟೊ ತೆಗೆದು, ವರದಿಗೆ ಬೈಂಡಿಂಗ್ ಹಾಕಿಸಿ ಮುಗಿಸಿದ ಉಪಕರಣ ಇಂಥ ಒಂದು ದಿನವನ್ನೂ ಕಂಡಿರುವುದಿಲ್ಲ.

ಆದ್ದರಿಂದ ಈ ಜಿಲ್ಲೆಯ ಯೋಜನೆಗಳಿಗೆ ಅವಧಿ 24 ತಿಂಗಳಿರಬೇಕು, ಆರಂಭ ಜನವರಿಯಲ್ಲಾಗಬೇಕು. ಮೊದಲ ಮಳೆಗಾಲದಲ್ಲಿ ಏನೇನು ಕೆಡುತ್ತದೆಂದು ತಿಳಿಯುತ್ತದೆ, ಎರಡನೆಯದರಲ್ಲಿ ಸರಿಪಡಿಸಿದ್ದು ನಿಲ್ಲುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಕೆಡುವುದು ಹೇಗೆಂದು ಹೇಳುತ್ತೇವೆ. ಸಾಮಾನ್ಯವಾಗಿ ಬಳಸುವ ಟಿಪ್ಪಿಂಗ್ ಬಕೆಟ್ ಮಳೆಮಾಪಕದ ಪುಟ್ಟ ಬಕೆಟ್ ತುಂಬಿ ಮಗುಚಿದಾಗಲೆಲ್ಲ 0.2 ಮಿ.ಮೀ. ಎಂದು ಲೆಕ್ಕವಾಗುತ್ತದೆ. ಮರದಡಿ ಇಟ್ಟರೆ ಆಲಿಕೆಗೆ ಎಲೆ ಕಟ್ಟುತ್ತದೆ, ಒಳಗೆ ಇರುವೆ ಗೂಡು ಮಾಡುತ್ತದೆ. ಆಗ ಅದು ತಾನು ಕೆಟ್ಟಿದ್ದೇನೆ ಎನ್ನುವುದಿಲ್ಲ, ಮಳೆಯೇ ಇಲ್ಲ ಎನ್ನುತ್ತದೆ. ಎಚ್ಚರಿಕೆ ಕೊಡಬೇಕಾದ ಯಂತ್ರಕ್ಕೆ ಇದಕ್ಕಿಂತ ಅಪಾಯದ ರೋಗ ಇನ್ನೊಂದಿಲ್ಲ. ಮಳೆ ಬಿರುಸಾದಾಗ ಬಕೆಟ್ ಮಗುಚುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಅಳತೆ ಕಡಿಮೆ ಬರುವುದೂ ಉಂಟು. ಪಕ್ಕದಲ್ಲೊಂದು ಸಾದಾ ಅಳತೆ ಪಾತ್ರೆ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ ಹೋಲಿಸುವುದೊಂದೇ ದಾರಿ. ಕರಾವಳಿಯ ಉಪ್ಪುಗಾಳಿಗೆ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ಪೆಟ್ಟಿಗೆ ನೀರು ನುಗ್ಗದಂಥದ್ದಿರಬೇಕು, ಕೇಬಲ್ ಕೆಳಗಿನಿಂದ ಒಳಹೋಗಬೇಕು, ಒಳಹೋಗುವ ಮೊದಲು ತುಸು ಜೋತುಬಿದ್ದಿರಬೇಕು. ಇಲ್ಲದಿದ್ದರೆ ತಂತಿ ಹಿಡಿದುಕೊಂಡೇ ನೀರು ಸರ್ಕಿಟ್‌ಗೆ ಇಳಿಯುತ್ತದೆ. ಜುಲೈಯಲ್ಲಿ ಸೋಲಾರ್ ನೆಚ್ಚಿ ಕೂರುವಂತಿಲ್ಲ, ಬಿಸಿಲಿಲ್ಲದೆ ಕನಿಷ್ಠ ಏಳು ದಿನ ನಡೆಸುವ ಬ್ಯಾಟರಿ ಬೇಕು. ಮೊಬೈಲ್ ಸಿಗ್ನಲ್ ಸಿಗದಲ್ಲಿ ಪರವಾನಗಿ ಬೇಡದ 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಮಾಹಿತಿ ಕಳಿಸುವಂಥದ್ದು) ಒಳ್ಳೆಯದೇ. ಆದರೆ ನೆನೆದ ಕಾಡು ಮತ್ತು ಗುಡ್ಡದ ಮರೆ ಅದರ ದೂರವನ್ನು ತಗ್ಗಿಸುತ್ತವೆ. ಬಯಲಿನಲ್ಲಿ ಅಳೆದ ಕಿಲೋಮೀಟರುಗಳನ್ನು ಕಾಡು ಗುಡ್ಡಗಳ ಜೊಯಿಡಾದ ಅರ್ಜಿಯಲ್ಲಿ ಬರೆಯಬೇಡಿ.

ಇದೆಲ್ಲ ನೋಡಿಕೊಳ್ಳಲು ಊರಿನಲ್ಲೇ ಒಬ್ಬರು ಬೇಕು. ಬಜೆಟ್ ನಮೂನೆಯಲ್ಲಿ ಉಪಕರಣ, ಪ್ರವಾಸ, ಸಾದಿಲ್ವಾರು ಇರುತ್ತವೆ, ಇವರಿಗೆ ಮಾತ್ರ ಸಾಲಿಲ್ಲ. ಹತ್ತು ಕಡೆ ಉಪಕರಣವಿದ್ದು, ತಲಾ ತಿಂಗಳಿಗೆ 2,000 ರೂಪಾಯಿ ಗೌರವಧನವೆಂದರೂ ಆರು ತಿಂಗಳಿಗೆ 1,20,000, ಎರಡು ಮಳೆಗಾಲಕ್ಕೆ 2,40,000 ಆಗುತ್ತದೆ. ಇದನ್ನು ಸೇವೆಯೆಂದು ಪುಕ್ಕಟೆ ಮಾಡಿಸಿಕೊಂಡು ಯೋಜನೆಗೆ ‘ಸಾಮಾಜಿಕ ಹೊಣೆ’ಯ ಹೆಸರಿಡುವುದು ಸರಿಯಲ್ಲ. ಫೆಲೋಗೂ ಅಷ್ಟೆ. ಯುಜಿಸಿಯ ಜೆಆರ್‌ಎಫ್ (ನೆಟ್ ಪರೀಕ್ಷೆಯಲ್ಲಿ ಅರ್ಹರಾದವರಿಗೆ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ಇದೆ, ನೆಟ್ ಇಲ್ಲದ ಪಿಎಚ್.ಡಿ. ಫೆಲೋಶಿಪ್ 8,000ದಲ್ಲೇ ನಿಂತಿದೆ. ಎರಡನೆಯದನ್ನು ಮಾದರಿಯಾಗಿಟ್ಟರೆ ಘಟ್ಟ ಹತ್ತಿಳಿದು ಕೆಲಸ ಮಾಡುವವರು ಸಿಗುವುದಿಲ್ಲ.

ಕಂತಿನ ವಿಚಾರವೂ ಇದೆ. ಎರಡನೆಯ ಕಂತಿಗೆ ಹಣ ಬಳಕೆ ಪ್ರಮಾಣಪತ್ರ ಬೇಕು. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚಿ, ಪ್ರಮಾಣಪತ್ರ ತಯಾರಾಗಿ, ಹಣ ಬರುವ ಹೊತ್ತಿಗೆ ಮಳೆಗಾಲದ ಅರ್ಧ ಕಳೆದಿರುತ್ತದೆ. ದುರಸ್ತಿಗೆಂದು ಶೇ 10ರಷ್ಟನ್ನು ಮೊದಲ ಕಂತಿನಲ್ಲೇ ಬೇರೆಯಾಗಿ ಕೊಟ್ಟುಬಿಡಬೇಕು.

ನೀತಿಯ ಕಡೆಗೆ ಬಂದರೆ, ಅರಣ್ಯ ಹಕ್ಕಿನ, ಅಂದರೆ ಅರಣ್ಯವಾಸಿಗಳು ಹಕ್ಕು ಕೇಳುವ ಜಾಗದ, ಜಿಪಿಎಸ್ ಸರ್ವೆಗೆ ಆ್ಯಪ್ ಮಾಡುವ ಪ್ರಸ್ತಾವಗಳಲ್ಲಿ ಎರಡು ಸಂಗತಿ ತಪ್ಪಿಹೋಗುತ್ತವೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ದಟ್ಟ ಮರದಡಿ ಮೊಬೈಲ್ ಜಿಪಿಎಸ್ ಹತ್ತು ಮೀಟರ್ ತಪ್ಪಿದರೆ ಗುಂಟೆಯ ಒಂದು ಬದಿಯೇ ಹೋದಂತೆ. ನಾಲ್ಕಾರು ಗುಂಟೆಯ ಜಾಗದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಮೂಲೆಗಳಲ್ಲಿ ಹಲವು ನಿಮಿಷ ನಿಂತು ಸರಾಸರಿ ತೆಗೆಯಬೇಕು, ಟೇಪು ಹಿಡಿದು ತಾಳೆ ನೋಡಬೇಕು. ಎರಡನೆಯದು ಗೋಪ್ಯತೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅರ್ಜಿ ತಿರಸ್ಕೃತವಾದರೆ ಅದೇ ನಕ್ಷೆ ಅತಿಕ್ರಮಣದ ಸಾಕ್ಷಿಯಾಗಬಹುದು. ಸಂಶೋಧನೆಗೆ ಕಾನೂನಿನ ವಿನಾಯಿತಿ ಇದೆಯಲ್ಲ ಎನ್ನುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಪೂರ್ತಿ ಓದಬೇಕು. ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೆ ಆ ಮಾಹಿತಿ ಬಳಸುವುದಾದರೆ ವಿನಾಯಿತಿ ದಕ್ಕುವುದಿಲ್ಲ. ಹಕ್ಕುಪತ್ರವೆಂದರೆ ಅಂಥ ತೀರ್ಮಾನವೇ. ಮೂಲ ನಕ್ಷೆ ಊರಿನ ಅರಣ್ಯ ಹಕ್ಕು ಸಮಿತಿಯ ವಶದಲ್ಲಿರಲಿ, ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ಬೇಡ.

ಆಯ್ಕೆ ಸಮಿತಿಗೆ ಒಂದು ಮಾತು. ಪಂಚಾಯಿತಿಯ ಸೀಲು ಬಿದ್ದ ಬೆಂಬಲ ಪತ್ರ ಅರ್ಧ ದಿನದಲ್ಲಿ ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ, ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಬಂದರೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಅದನ್ನು ಯಾರು ನೋಡುತ್ತಾರೆ, ಊರಿಗೆ ಯಾರು ಫೋನ್ ಮಾಡುತ್ತಾರೆ ಎಂದು ಅರ್ಜಿಯಲ್ಲೇ ಬರೆಸಿ. ‘ಇಲ್ಲಿ ಸೆನ್ಸರ್ ಬೇಡ, ಗುಡ್ಡದ ನೀರು ಹರಿದುಹೋಗಲು ಚರಂಡಿ ಬೇಕು’ ಎಂಬ ವರದಿ ಬಂದರೆ ಅದನ್ನೂ ಯಶಸ್ವಿ ಯೋಜನೆಯೆಂದು ಒಪ್ಪಿಕೊಳ್ಳಿ. ಅವಧಿ ಮುಗಿದ ಮೇಲೆ ಉಪಕರಣ ಯಾರದ್ದು, ಸಿಮ್ ರೀಚಾರ್ಜ್ ಯಾರು ಮಾಡುತ್ತಾರೆ, ಯಾರೂ ಇಲ್ಲದಿದ್ದರೆ ಕಂಬ ಮತ್ತು ಬ್ಯಾಟರಿಯನ್ನು ಕಾಡಿನಿಂದ ಹೊತ್ತು ತರುವ ಖರ್ಚು ಎಷ್ಟು ಎಂಬುದೂ ಮಂಜೂರಾತಿ ಪತ್ರದಲ್ಲಿರಲಿ.

– ಇಬ್ಬರು ಪ್ರಾಜೆಕ್ಟ್ ಮಾರ್ಗದರ್ಶಕರು, ಕಾರವಾರ ಮತ್ತು ಶಿರಸಿ