ರಂಗನತಿಟ್ಟು ಪ್ರವಾಸ: ಮೊಬೈಲ್ ಯಾಕೆ ಬೇಡ ಅಂದೆ

ಪೋಷಕರಿಗೆ ನಮಸ್ಕಾರ.

6 ಮತ್ತು 7ನೇ ತರಗತಿಯ ಮಕ್ಕಳನ್ನು ಫೆಬ್ರವರಿಯ ಎರಡನೇ ಶನಿವಾರ ರಂಗನತಿಟ್ಟಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಹೋದ ವಾರ ಚೀಟಿ ಕಳಿಸಿದ್ದೆ. ಅದರ ಕೊನೆಯಲ್ಲಿ "ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ" ಅಂತ ಒಂದು ಸಾಲು ಇತ್ತು, ಅಲ್ವಾ? ಆ ಒಂದು ಸಾಲಿಗೆ ಬಂದಷ್ಟು ಫೋನು ನನಗೆ ಫಲಿತಾಂಶದ ದಿನವೂ ಬಂದಿಲ್ಲ. "ಮೇಡಂ, ಹಕ್ಕಿ ನೋಡೋಕೆ ಹೋಗಿ ಫೋಟೋ ತೆಗೀದೆ ಬರೋದಾ?" ಅಂತ ಒಬ್ಬರು ಕೇಳಿದರು. ಇನ್ನೊಬ್ಬರು ಮಗಳಿಗೆ ಅಂತಲೇ ಹೊಸ ಕ್ಯಾಮೆರಾ ಕೊಂಡಿದ್ದಾರಂತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಫೋಟೋ ಬೇಡ ಅಂತಲ್ಲ. ದೋಣಿಗೆ ಒಂದರಂತೆ ಮೂರು ಕ್ಯಾಮೆರಾ ಬರುತ್ತವೆ, ಅದರಲ್ಲಿ ಒಂದು ನನ್ನದೇ. ಒಂದು ಮಗುವಿಗೆ ಹತ್ತು ಕ್ಲಿಕ್, ಅಷ್ಟೇ. ಹೊಸ ಕ್ಯಾಮೆರಾ ಕೊಂಡವರು ಕಳಿಸಿಕೊಡಿ, ಸಂತೋಷ. ಆದರೆ ಅದು ಆ ದಿನ ಇಡೀ ದೋಣಿಯ ಕ್ಯಾಮೆರಾ ಆಗುತ್ತದೆ, ನಿಮ್ಮ ಮಗಳೊಬ್ಬಳದೇ ಅಲ್ಲ. ಇದಕ್ಕೆ ಒಪ್ಪಿಗೆ ಇದ್ದರೆ ಮಾತ್ರ.

ಇಷ್ಟು ಬಿಗಿ ಯಾಕೆ ಅಂದರೆ, ನಾನು ಮಾಡಿಕೊಂಡ ಒಂದು ಎಡವಟ್ಟು ಹೇಳಬೇಕು. ಹೋದ ಏಪ್ರಿಲ್‌ನಲ್ಲಿ ತವರಿಗೆ ಹೋಗಿದ್ದೆ. ಅಲ್ಲೇ ಹತ್ತಿರ ಅಣೆಕಟ್ಟಿನ ಹಿನ್ನೀರು ಇದೆ. ಬೇಸಿಗೆಗೆ ನೀರು ಇಳಿದು ನಡುವೆ ಕಲ್ಲುದಿಬ್ಬಗಳು ಎದ್ದಿದ್ದವು, ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಕೂತಿದ್ದವು. ಕರಿ ಟೋಪಿ ಹಾಕಿಕೊಂಡ ಹಾಗೆ ತಲೆ, ಅರಿಶಿನ ಬಣ್ಣದ ಕೊಕ್ಕು, ಸೀಳು ಬಾಲ. ಮೀನು ಹಿಡಿಯುವ ಒಬ್ಬರ ಹರಿಗೋಲು ಹತ್ತಿ ಹೋದೆ. "ಇನ್ನೂ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ" ಅಂತ ಅವರ ತಲೆ ತಿಂದೆ. ಹಕ್ಕಿಗಳೆಲ್ಲ ಕಿರುಚಿಕೊಂಡು ಎದ್ದವು, ನಮ್ಮ ತಲೆಯ ಮೇಲೇ ಸುತ್ತತೊಡಗಿದವು. ನನಗೆ ಖುಷಿಯೋ ಖುಷಿ, ಹಾರುವ ಹಕ್ಕಿಯ ಫೋಟೋ ಸಿಕ್ಕಿತಲ್ಲ ಅಂತ. ಆಗ ಅವರು ಹುಟ್ಟು ನಿಲ್ಲಿಸಿ ಕಲ್ಲಿನ ಕಡೆ ತೋರಿಸಿದರು. ಗೂಡಿಲ್ಲ, ಕಡ್ಡಿಯಿಲ್ಲ. ಬರೀ ನೆಲದ ಮೇಲೆ ಚುಕ್ಕೆ ಚುಕ್ಕೆಯ ಎರಡು ಮೊಟ್ಟೆ, ಥೇಟ್ ಬೆಣಚುಕಲ್ಲಿನ ಹಾಗೆ. ಮಧ್ಯಾಹ್ನ ಹನ್ನೆರಡರ ಬಿಸಿಲು, ಕಲ್ಲು ಕಾದ ಹೆಂಚಾಗಿತ್ತು.

"ಅಮ್ಮಾವ್ರೇ, ಒಂದ್ ಫೋಟೋಗೆ ಆ ಮೊಟ್ಟೆ ಬೇಯಿಸ್ಬೇಕಾ?" ಅಂದರು.

ತಾಯಿಹಕ್ಕಿ ಕೂತಿದ್ದದ್ದು ಕಾವು ಕೊಡುವುದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಆ ಹೊತ್ತಿನಲ್ಲಿ ಅದು ಕೂತಿದ್ದದ್ದು ನೆರಳು ಕೊಡುವುದಕ್ಕೆ. ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ, ನೋಡಿ. ಆ ಫೋಟೋ ಇನ್ನೂ ನನ್ನ ಹತ್ತಿರ ಇದೆ, ಚೆನ್ನಾಗಿಯೇ ಬಂದಿದೆ. ಯಾರಿಗೂ ತೋರಿಸಿಲ್ಲ.

ಹಾಗಾಗಿ ಮಕ್ಕಳಿಗೆ ಈಗಿಂದಲೇ ಹೇಳಿಕೊಡುತ್ತಿದ್ದೇವೆ. ಹಕ್ಕಿ ಮಾಡುತ್ತಿದ್ದ ಕೆಲಸ ಬಿಟ್ಟು ಕತ್ತೆತ್ತಿ ನಿಮ್ಮ ಕಡೆ ನೋಡಿತು ಅಂದರೆ ಅಲ್ಲೇ ನಿಂತುಬಿಡಿ. ಎದ್ದು ಹಾರಿತು ಅಂದರೆ ತಪ್ಪು ನಮ್ಮದು. ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದೂ ಬೇಡ. ಬೇರೆ ಗಂಡುಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂತ ತಿಳಿದು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ, ಬಂದು ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಬಾವಲಿಗಳ ವಿಷಯ ಬೇರೆಯೇ ಹೇಳಬೇಕು. ರಂಗನತಿಟ್ಟಿನ ಮರಗಳಲ್ಲಿ ಅವು ಗೊಂಚಲು ಗೊಂಚಲಾಗಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಹೋದ ವರ್ಷ ನಮ್ಮ ಹುಡುಗರು ನಾಲ್ಕು ಜನ ಅವು ಹಾರಲಿ ಅಂತ ಚಪ್ಪಾಳೆ ತಟ್ಟಿದರು. ರಾತ್ರಿಯೆಲ್ಲ ಹಣ್ಣು ಹುಡುಕಿ ಬಂದು ಮಲಗಿದ ಪ್ರಾಣಿ ಅದು. ರಾತ್ರಿಪಾಳಿ ಮುಗಿಸಿ ಬಂದ ಅಪ್ಪನನ್ನು ಹಗಲು ಯಾರಾದರೂ ಹೀಗೆ ಎಬ್ಬಿಸಿದರೆ ಮನೆಯಲ್ಲಿ ಏನಾಗುತ್ತದೆ ಅಂತ ಕೇಳಿದೆ. ಒಬ್ಬನಿಗೆ ತಕ್ಷಣ ಅರ್ಥವಾಯಿತು.

ಹೋದ ವರ್ಷದ ಇನ್ನೊಂದು ಸಂಗತಿ. ಮೊಬೈಲ್ ತಂದವರು ವಾಪಸ್ ಬಸ್ಸಲ್ಲಿ ಇನ್ನೂರು ಮುನ್ನೂರು ಫೋಟೋ ತೋರಿಸಿದರು, ಅದರಲ್ಲಿ ಮುಕ್ಕಾಲು ಸೆಲ್ಫಿ. ಹೆಜ್ಜಾರ್ಲೆಯ (ಪೆಲಿಕನ್) ಚೀಲ ಎಲ್ಲಿರುತ್ತದೆ ಅಂತ ಕೇಳಿದರೆ ಒಬ್ಬ ಹೊಟ್ಟೆ ಮುಟ್ಟಿ ತೋರಿಸಿದ! ಅದು ಇರುವುದು ಕೊಕ್ಕಿನ ಕೆಳಗೆ. ಮೊಬೈಲ್ ಇಲ್ಲದ ಒಬ್ಬ ಹುಡುಗಿ ಮಾತ್ರ ನೋಟ್‌ಬುಕ್ಕಿನಲ್ಲಿ ಒಂದು ಕೊಕ್ಕು ಬರೆದುಕೊಂಡಿದ್ದಳು. ಬರೀ ಕೊಕ್ಕು, ಹಕ್ಕಿಯೇ ಇಲ್ಲ. "ಮಿಸ್, ಇದರ ಬಾಯಿ ಮುಚ್ಚಿದರೂ ನಡುವೆ ಸಂದಿ ಇರುತ್ತೆ, ಆ ಸಂದಿಯಲ್ಲಿ ಆಚೆ ಕಡೆಯ ನೀರು ಕಾಣುತ್ತೆ" ಅಂದಳು. ಅದು ಬಾಯಿಕಳಕ ಕೊಕ್ಕರೆ. ನೀರಿನ ಬಸವನಹುಳು ಅದರ ಊಟ. ತಮಾಷೆ ಅಂದರೆ ಮರಿಗಳಿಗೆ ಈ ಸಂದಿ ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಅದನ್ನು ಹೇಳಿದ ಮೇಲೆ ಈ ಸಲ ಸಂದಿ ಇಲ್ಲದ ಮರಿಯನ್ನು ಹುಡುಕಿಯೇ ಬರುತ್ತೇನೆ ಅಂತ ಕೂತಿದ್ದಾಳೆ. ಫೆಬ್ರವರಿಗೆ ಸಿಗುತ್ತದೋ ಇಲ್ಲವೋ, ಹುಡುಕಲಿ ಬಿಡಿ.

ಅದಕ್ಕೇ ಮೊದಲ ಅರ್ಧ ಗಂಟೆ ಯಾವ ಕ್ಯಾಮೆರಾವನ್ನೂ ಚೀಲದಿಂದ ತೆಗೆಯುವುದಿಲ್ಲ. ನನ್ನದೂ ಸೇರಿ.

ಎರಡು ವಾರದಿಂದ ಪಿ.ಟಿ. ಪೀರಿಯಡ್‌ನಲ್ಲಿ ಅಂಗಳದ ಕಾಗೆ, ಗೊರವಂಕಗಳ ಮೇಲೆ ಅಭ್ಯಾಸ ನಡೆದಿದೆ. ದೋಣಿ ಅಲ್ಲಾಡುತ್ತದೆ, ಆದ್ದರಿಂದ ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ ಹಿಡಿಯಬೇಕು. ಹಾರುವ ಹಕ್ಕಿಗೆ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಹತ್ತಿರ ಇರಬೇಕು. ಫ್ಲ್ಯಾಶ್ ಮಾತ್ರ ಯಾವ ಕಾರಣಕ್ಕೂ ಬೇಡ. ಬೆಳ್ಳಕ್ಕಿ ಬಿಸಿಲಲ್ಲಿ ಫೋಟೋಗೆ ಸುಣ್ಣದ ಉಂಡೆ ತರ ಬರುತ್ತದೆ, ಕ್ಯಾಮೆರಾದಲ್ಲಿ ಬೆಳಕು ಸ್ವಲ್ಪ ಇಳಿಸಿದರೆ ಒಂದೊಂದು ಗರಿಯೂ ಬಿಡಿಯಾಗಿ ಕಾಣುತ್ತದೆ. ಇದನ್ನು ಮಕ್ಕಳು ಸುಣ್ಣ ಬಳಿದ ಗೋಡೆಯ ಮೇಲೆ ಪ್ರಯತ್ನಿಸಿ ತಾವೇ ಕಂಡುಕೊಂಡರು, ನಾನು ಹೇಳಿಕೊಟ್ಟಿದ್ದಲ್ಲ.

ಮೊಸಳೆ ಬಗ್ಗೆ ಕೇಳಿದ ತಾಯಂದಿರಿಗೆ: ಹೌದು, ಇವೆ. ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿರುತ್ತವೆ. ಅದು ಕೋಪಕ್ಕಲ್ಲ, ಮೈ ಬಿಸಿ ಇಳಿಸಿಕೊಳ್ಳುವುದಕ್ಕೆ. ಎಲ್ಲರೂ ಲೈಫ್ ಜಾಕೆಟ್ ಹಾಕಿರುತ್ತಾರೆ, ಪ್ರತಿ ದೋಣಿಯಲ್ಲೂ ಒಬ್ಬರು ಟೀಚರ್ ಇರುತ್ತಾರೆ. ಕೈ ನೀರಿಗೆ ಇಳಿಬಿಡುವ ಹಾಗಿಲ್ಲ, ಎದ್ದು ನಿಲ್ಲುವ ಹಾಗಿಲ್ಲ. ಇದನ್ನು ಮನೆಯಲ್ಲೂ ಒಂದು ಸಲ ಹೇಳಿ ಕಳಿಸಿ. ನಮ್ಮ ಮಾತಿಗಿಂತ ಅಮ್ಮನ ಮಾತು ಜಾಸ್ತಿ ನಾಟುತ್ತದೆ.

"ಅದೇ ಕೊಕ್ಕರೆ ನಮ್ಮ ಗದ್ದೆಗೂ ಬರುತ್ತೆ, ದುಡ್ಡು ಕೊಟ್ಟು ಅಲ್ಲಿಗ್ಯಾಕೆ" ಅಂತಲೂ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಗದ್ದೆಗೆ ಬರುವುದು ಊಟಕ್ಕೆ, ಅಲ್ಲಿ ಕಾಣುವುದು ಸಂಸಾರ. ಸುತ್ತ ಕಾವೇರಿ ಹರಿಯುವುದರಿಂದ ಆ ತಿಟ್ಟುಗಳ ಮರಕ್ಕೆ ಬೆಕ್ಕು, ನಾಯಿ ಸುಲಭವಾಗಿ ಹೋಗಲಾರವು. ಆ ತಿಟ್ಟುಗಳೂ ತಾವಾಗಿ ಹುಟ್ಟಿದ್ದಲ್ಲ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಕಟ್ಟಿಸಿದ ಒಡ್ಡಿನಿಂದ ಆದವು. ಹಕ್ಕಿಗೆ ಅಂತ ಕಟ್ಟಿಸಿದ್ದಲ್ಲ, ಹಕ್ಕಿ ಹುಡುಕಿಕೊಂಡು ಬಂತು. ಪಕ್ಷಿತಜ್ಞ ಸಲೀಂ ಅಲಿ ಅವರು ಬಂದು ನೋಡಿ ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ನಮ್ಮ ರಾಜ್ಯದಿಂದ ಅದೇ ಮೊದಲು. ಮುಂದಿನ ವರ್ಷ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗುವ ಆಸೆಯೂ ಇದೆ. ಅಲ್ಲಿ ದೋಣಿಯೇ ಬೇಡ, ಮನೆ ಹಿಂದಿನ ಹುಣಸೆಮರದಲ್ಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ.

ಇನ್ನೊಂದು ಮಾತು, ಇದು ಮಕ್ಕಳಿಗಲ್ಲ, ನಿಮಗೆ. ಹೋದ ಮಳೆಗಾಲದಲ್ಲಿ ನಮ್ಮ ಊರಿನ ಅರಳಿಮರದ ಪೊಟರೆಯಲ್ಲಿದ್ದ ಗೂಬೆಯ ಫೋಟೋವನ್ನು ಯಾರೋ ಸ್ಟೇಟಸ್‌ಗೆ ಹಾಕಿದರು, ಜಾಗದ ಸಮೇತ. ಮೂರು ದಿನ ಜಾತ್ರೆ. ನಾಲ್ಕನೇ ದಿನ ಗೂಬೆ ಇರಲಿಲ್ಲ. ಪ್ರವಾಸದ ಫೋಟೋಗಳನ್ನು ನಾವೇ ಗ್ರೂಪಿಗೆ ಕಳಿಸುತ್ತೇವೆ, ಎಷ್ಟು ಬೇಕಾದರೂ ಹಂಚಿ. ಆದರೆ ಮನೆ ಹತ್ತಿರ ಕಂಡ ಗೂಡಿನ ಜಾಗ ಮಾತ್ರ ದಯವಿಟ್ಟು ಬರೆಯಬೇಡಿ.

ಬಸ್ಸು ಬೆಳಿಗ್ಗೆ ಆರೂವರೆಗೆ ಶಾಲೆಯ ಗೇಟಿನಿಂದ ಹೊರಡುತ್ತದೆ, ಏಳಕ್ಕಲ್ಲ. ಕೆಂಪು, ಹಳದಿ ಅಂಗಿ ಬೇಡ, ಮಾಸಲು ಬಣ್ಣದ್ದು ಹಾಕಿ. ಟೋಪಿ, ನೀರಿನ ಬಾಟಲಿ, ಡಬ್ಬಿಯಲ್ಲಿ ಚಿತ್ರಾನ್ನವೋ ಚಪಾತಿಯೋ ಸಾಕು, ಚಿಪ್ಸ್ ಪ್ಯಾಕೆಟ್ ಬೇಡ. ದೋಣಿಗೂ ಕ್ಯಾಮೆರಾಗೂ ಬೇರೆ ಟಿಕೆಟ್ ಇದೆ, ಅದನ್ನು ಶಾಲೆಯೇ ಕಟ್ಟುತ್ತದೆ. ಒಪ್ಪಿಗೆ ಚೀಟಿ ಗುರುವಾರದೊಳಗೆ ಬರಲಿ. ಯಾರ ಮನೆಯಲ್ಲಾದರೂ ದುರ್ಬೀನು ಸುಮ್ನೆ ಅಟ್ಟದ ಮೇಲೆ ಬಿದ್ದಿದ್ದರೆ ಒಂದು ದಿನದ ಮಟ್ಟಿಗೆ ಕೊಡಿ. ನಮ್ಮ ಹತ್ತಿರ ಇರುವುದು ಎರಡೇ, ಅದರಲ್ಲಿ ಒಂದಕ್ಕೆ ಒಂದೇ ಕಣ್ಣು.

ಇಂತಿ,
ಮುಖ್ಯ ಶಿಕ್ಷಕಿ