ದಡಾರ: ಎರಡನೇ ಡೋಸ್ ಬಿಡಬೇಡಿ

ಮಾನ್ಯರೇ,

ದಡಾರ ಲಸಿಕೆಯ ಎರಡನೇ ಡೋಸನ್ನು ಎಷ್ಟೋ ಪೋಷಕರು ಹಾಕಿಸದೆ ಬಿಡುತ್ತಿರುವುದು ಆತಂಕದ ವಿಷಯ. ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಮೊನ್ನೆ ಪಕ್ಕದ ಮನೆಯ ಮಗುವಿನ ‘ತಾಯಿ ಕಾರ್ಡ್’ (ಲಸಿಕೆಯ ವಿವರ ಬರೆದಿಡುವ ಕಾರ್ಡ್) ನೋಡಿದೆ. ಮೊದಲ ಡೋಸಿನ ಮುಂದೆ ತಾರೀಖು, ಸಹಿ ಎಲ್ಲ ಇದೆ. ಎರಡನೆಯದರ ಜಾಗ ಖಾಲಿ. ‘ಹಿಂದಿನ ಸಲ ಜ್ವರ ಬಂದಿತ್ತು, ಸುಮ್ನೆ ಯಾಕೆ ಅಂತ ಬಿಟ್ವಿ’ ಎಂದರು ಅವರಮ್ಮ. ಆ ಜ್ವರ ಒಂದೆರಡು ದಿನದ್ದು. ದಡಾರ ಬಂದರೆ ಅದು ನ್ಯುಮೋನಿಯಾ, ಮಿದುಳಿನ ಊತದವರೆಗೂ ಹೋಗಬಹುದು.

ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಓಡಾಡುತ್ತಿದೆ. ಅದಕ್ಕೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು. ಇದು ಎಷ್ಟು ಜನರಿಗೆ ಗೊತ್ತು? ದಡಾರ ಹರಡದಂತೆ ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು.

ಮೊದಲ ಡೋಸ್ ಕೊಡುವಾಗಲೇ ‘ಜ್ವರ ಬರಬಹುದು, ಹೆದರಬೇಡಿ’ ಎಂದು ತಾಯಂದಿರಿಗೆ ಬಿಡಿಸಿ ಹೇಳಬೇಕು. ಅಂಗನವಾಡಿಗೆ ಸೇರಿಸುವಾಗ ತಾಯಿ ಕಾರ್ಡ್ ನೋಡಿ, ಡೋಸ್ ತಪ್ಪಿದ್ದರೆ ಯಾವತ್ತು ಎಲ್ಲಿಗೆ ಬರಬೇಕೆಂದು ಅಲ್ಲೇ ಬರೆದು ಕೊಡಲಿ.

– ಒಬ್ಬ ತಾಯಿ, ದಾವಣಗೆರೆ