ಸಿನಿಮಾ ನೋಡಿ ಬಂದವರಿಗೆ

ಎಲ್ಲರಿಗೂ ನಮಸ್ಕಾರ. ಹೊಸ ಸಿನಿಮಾ ನೋಡಿದವರು ಅಭಿಪ್ರಾಯ ಹಾಕಿ, ಆದರೆ ಮೊದಲ ವಾರ ಕಥೆಯ ಗುಟ್ಟು ಬಿಟ್ಟುಕೊಡಬೇಡಿ. ಸುಮ್ನೆ ‘ಸೂಪರ್’, ‘ಬೋರು’ ಅಂದರೆ ಸಾಲದು. ಏನು ಹಿಡಿಸಿತು, ಎಲ್ಲಿ ಎಳೆದ ಹಾಗಾಯಿತು ಅಂತ ಎರಡು ಸಾಲು ಬರೆಯಿರಿ. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಜಾಸ್ತಿ ಸದ್ದಿಲ್ಲದೆ ಬಂತು. ನೋಡಿದವರು ಒಬ್ಬರಿಗೊಬ್ಬರು ಹೇಳಿದ್ದರಿಂದಲೇ ಥಿಯೇಟರ್‌ಗಳು ತುಂಬಿದವು. ನಮ್ಮ ಮಾತಿಗೆ ಅಷ್ಟು ಬೆಲೆ ಇದೆ, ಅಲ್ವಾ?

ಥಿಯೇಟರ್‌ನಲ್ಲಿ ಮೊಬೈಲಿನಿಂದ ತೆಗೆದ ವಿಡಿಯೊ ಮಾತ್ರ ಇಲ್ಲಿ ಹಾಕಲೇಬೇಡಿ. 2023ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಹಾಗೆ ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ರೂಪಾಯಿ ದಂಡ. ಅಂಥ ವಿಡಿಯೊ ಕಂಡ ತಕ್ಷಣ ಅಳಿಸುತ್ತೇವೆ.

ಈ ವಾರ ಯಾರು ಏನು ನೋಡಿದಿರಿ? ಶುರು ಮಾಡಿ.